ನಂಜಿನ ಭಯ, ಬಾಣಂತಿಯ ತಟ್ಟೆ

ಬದನೆಕಾಯಿ ನಂಜು. ಸೊಪ್ಪು ತಿಂದರೆ ಮಗುವಿಗೆ ಹಸಿರು ಭೇದಿ. ಹಣ್ಣು ಶೀತ. ಬೇಳೆ ವಾಯು. ನೀರು ಕುಡಿದರೆ ಹೊಟ್ಟೆ ದಪ್ಪಗಾಗುತ್ತದೆ, ಮೈಯೆಲ್ಲ ಬಾವು. ಹೀಗೆ ಒಂದೊಂದೇ ಕಳೆಯುತ್ತ ಹೋದರೆ ಬಾಣಂತಿಯ ತಟ್ಟೆಯಲ್ಲಿ ಕೊನೆಗೆ ಉಳಿಯುವುದು ಬಿಸಿ ಅನ್ನ, ತುಪ್ಪ, ಮೆಣಸು ಬೆಳ್ಳುಳ್ಳಿ ಹಾಕಿದ ತಿಳಿಸಾರು, ಊಟದ ಮೇಲೆ ಎಲೆಅಡಿಕೆ. ಕೆಲವು ಮನೆಗಳಲ್ಲಿ ಈ ಪಥ್ಯ ಹನ್ನೊಂದು ದಿನ, ಕೆಲವು ಕಡೆ ನಲವತ್ತು. ಮೂರು ತಿಂಗಳು ಎಳೆಯುವ ಮನೆಗಳೂ ಇವೆ.

ಮೊದಲೇ ಒಂದು ಮಾತು. ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಹೆರಿಗೆಯಾದವಳಿಗೆ ತವರಿನಲ್ಲಿ ಒಂದೂವರೆ ತಿಂಗಳು ಕೆಲಸದ ಬಿಡುವು, ಎಣ್ಣೆ ತಿಕ್ಕಿ ಬಿಸಿನೀರು, ರಾತ್ರಿ ಮಗು ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈ, ಕಂಡಕಂಡವರೆಲ್ಲ ಬಂದು ಮಗು ಮುಟ್ಟದಂತೆ ಒಂದು ಗೆರೆ. ಇವನ್ನು ಯಾವ ವೈದ್ಯರೂ ಬೇಡವೆನ್ನುವುದಿಲ್ಲ. ತೊಂದರೆ ಇರುವುದು ಏಳೆಂಟು ಕಟ್ಟಳೆಗಳಲ್ಲಿ ಮಾತ್ರ. ಆದರೆ ಆ ಏಳೆಂಟು ಉಳಿದ ಐವತ್ತರ ಜೊತೆ ಹೆಣೆದುಕೊಂಡು ಕೂತಿವೆ. ಎಲ್ಲವೂ ಮೂಢನಂಬಿಕೆ ಎಂದು ಒಂದೇ ಸಲ ಗುಡಿಸಲು ಹೋದವರನ್ನು ಅಜ್ಜಿಯಂದಿರು ಹೊಸಿಲಿನಲ್ಲೇ ತಡೆಯುತ್ತಾರೆ, ತಡೆಯುವುದು ಸರಿಯೂ ಹೌದು.

ನಂಜು ಎಂಬ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸೂಲಗಿತ್ತಿಯ ತೊಳೆಯದ ಕೈ, ಕುಡುಗೋಲು, ಹಳೆಯ ಬಟ್ಟೆ ಇದ್ದ ಕಾಲದಲ್ಲಿ ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನಕ್ಕೆ ಜ್ವರ ಏರಿ, ಮಾತು ತಪ್ಪಿ, ವಾರದೊಳಗೆ ಬಾಣಂತಿ ಹೋಗಿಬಿಡುತ್ತಿದ್ದಳು. ಗರ್ಭಕೋಶಕ್ಕೆ ತಗುಲಿದ ಸೋಂಕು ಅದು. ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಅವಳು ಹಿಂದಿನ ದಿನ ಏನು ತಿಂದಿದ್ದಳು ಎನ್ನುವುದು. ಬದನೆಕಾಯಿ ತಿಂದಿದ್ದರೆ ಬದನೆಕಾಯಿ ಪಟ್ಟಿಗೆ ಸೇರಿತು, ಸೋರೆಕಾಯಿ ತಿಂದಿದ್ದರೆ ಸೋರೆಕಾಯಿ. ಪಥ್ಯದ ಪಟ್ಟಿಗೆ ಸೇರಿಸುವವರು ಇದ್ದರೇ ಹೊರತು ಅಳಿಸುವವರು ಯಾರೂ ಇರಲಿಲ್ಲ. ಅದಕ್ಕೇ ಒಂದು ಮನೆಯಲ್ಲಿ ಹಾಲು ಹೆಚ್ಚಲೆಂದು ಸಬ್ಬಸಿಗೆ ಸೊಪ್ಪು ಬೇಯಿಸಿ ಹಾಕುತ್ತಾರೆ, ಪಕ್ಕದ ಬೀದಿಯಲ್ಲಿ ಸೊಪ್ಪಿನ ಹೆಸರೇ ಎತ್ತುವಂತಿಲ್ಲ. ಎರಡೂ ಮನೆಯವರು ಹೇಳುವುದು ಒಂದೇ ಮಾತು: ಹಿಂದಿನಿಂದ ಬಂದದ್ದು.

ನೀರಿನ ವಿಷಯದಲ್ಲಿ ಈ ಪಟ್ಟಿ ತನ್ನ ಬಾಲವನ್ನು ತಾನೇ ಕಚ್ಚುತ್ತದೆ. ಹೆರಿಗೆಯಾದ ಮೊದಲ ಆರು ವಾರ ಹೆಂಗಸಿನ ರಕ್ತ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಆ ಹೊತ್ತಿನಲ್ಲಿ ನೀರು ಕಡಿಮೆ ಮಾಡಿ, ಬಿಸಿ ಕೋಣೆಯಲ್ಲಿ ಬೆವರಿಸಿ, ಮಂಚ ಬಿಟ್ಟು ಏಳಬೇಡ ಎಂದರೆ ರಕ್ತ ಇನ್ನೂ ಗಟ್ಟಿಯಾಗುತ್ತದೆ. ಕಾಲಿನ ಅಭಿಧಮನಿಯಲ್ಲೋ ಮೆದುಳಿನ ಅಭಿಧಮನಿಯಲ್ಲೋ ಹೆಪ್ಪುಗಟ್ಟಬಹುದು. ಮೆದುಳಿನಲ್ಲಾದರೆ ಹೆಚ್ಚಾಗಿ ಎರಡನೆಯ ಮೂರನೆಯ ವಾರದಲ್ಲಿ ತಡೆಯಲಾರದ ತಲೆನೋವು, ವಾಂತಿ, ಫಿಟ್ಸ್, ಒಂದು ಕೈಯೋ ಕಾಲೋ ಸೋಲುವುದು, ಕೆಲವರಲ್ಲಿ ಅಸಂಬದ್ಧ ಮಾತು. ಬೆಂಗಳೂರಿನ ನಿಮ್ಹಾನ್ಸ್‌ನ ನರರೋಗ ವೈದ್ಯರು ಬಾಣಂತಿಯರ ಈ ಕಾಯಿಲೆಯ ಬಗ್ಗೆ ದಶಕಗಳಿಂದ ಬರೆಯುತ್ತ ಬಂದಿದ್ದಾರೆ. ಮನೆಯಲ್ಲಿ ಇದನ್ನು ನೋಡಿದವರು ಏನೆನ್ನುತ್ತಾರೆ? ಬಾಣಂತಿ ಸನ್ನಿ! ಎಲ್ಲೋ ಕದ್ದು ನೀರು ಕುಡಿದಿರಬೇಕು. ಸನ್ನಿ ಬಾರದಿರಲೆಂದು ಮಾಡಿದ ಪಥ್ಯವೇ ಸನ್ನಿಯಂತೆ ಕಾಣುವ ಕಾಯಿಲೆಯನ್ನು ತಂದರೂ, ಅದನ್ನು ಕಂಡವರು ಮುಂದಿನ ಬಾಣಂತಿಗೆ ಪಥ್ಯವನ್ನು ಇನ್ನಷ್ಟು ಬಿಗಿ ಮಾಡುತ್ತಾರೆ.

ಅನ್ನದ ಕಥೆ ಇದಕ್ಕಿಂತ ನಿಧಾನ, ಆದ್ದರಿಂದ ಇದಕ್ಕಿಂತ ಅಪಾಯ.

ಥಯಾಮಿನ್ ಎಂಬ ಬಿ1 ಜೀವಸತ್ವ ಅಕ್ಕಿಯಲ್ಲಿ ಇರುವುದೇ ಹೆಚ್ಚಾಗಿ ತೌಡಿನಲ್ಲಿ. ಮಿಲ್ಲಿನಲ್ಲಿ ಪಾಲಿಷ್ ಆದಾಗ ಬಹುಪಾಲು ಹೋಯಿತು. ಮೂರು ನೀರಿನಲ್ಲಿ ತೊಳೆದಾಗ ಇನ್ನಷ್ಟು ಹೋಯಿತು, ಏಕೆಂದರೆ ಅದು ನೀರಿನಲ್ಲಿ ಕರಗುವಂಥದ್ದು. ಗಂಜಿ ಬಸಿದರೆ ಉಳಿದದ್ದೂ ತಪ್ಪಲೆ ದಾಟಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 0.37 ಮಿಲಿಗ್ರಾಂ ಇದ್ದರೆ ಪಾಲಿಷ್ ಅಕ್ಕಿಯಲ್ಲಿ ಸುಮಾರು 0.05. ಇತ್ತ ಅನ್ನವನ್ನು ಅರಗಿಸಿ ಶಕ್ತಿಯಾಗಿ ಮಾರ್ಪಡಿಸಲು ದೇಹಕ್ಕೆ ಬೇಕಾಗುವುದೂ ಇದೇ ಥಯಾಮಿನ್. ಅಂದರೆ ಬರೀ ಅನ್ನ ಉಂಡಷ್ಟೂ ಖರ್ಚು ಹೆಚ್ಚು, ಆದಾಯವಿಲ್ಲ. ದೇಹದಲ್ಲಿ ಕೂಡಿಟ್ಟದ್ದು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಬೇಳೆ, ಕಾಳು, ಸೊಪ್ಪು, ಮೊಟ್ಟೆ, ಮಾಂಸ ಯಾವುದೂ ಇಲ್ಲದಿದ್ದರೆ ತುಂಬಿಕೊಳ್ಳುವ ದಾರಿಯಿಲ್ಲ. ಊಟದ ಬೆನ್ನಿಗೇ ಹಾಕುವ ಅಡಿಕೆಯಲ್ಲಿ, ಕಾಫಿ ಟೀಯಲ್ಲಿ ಇರುವ ಒಗರಿನ ಅಂಶ ಇದ್ದ ಚೂರುಪಾರನ್ನೂ ಕೆಡಿಸುತ್ತದೆ.

ತಾಯಿಗೆ ಕಾಲು ಜೋಮು ಹಿಡಿಯುವುದು, ಸುಸ್ತು ಅಷ್ಟೇ. ಬಾಣಂತಿಗೆ ಇರುವುದೇ ಹೀಗೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಲು ಧಾರಾಳವಾಗಿಯೇ ಬರುತ್ತಿರುತ್ತದೆ, ಮಗು ದುಂಡಗೆ ಬೆಳೆಯುತ್ತಿರುತ್ತದೆ. ಆದರೆ ಆ ಹಾಲಿನಲ್ಲಿ ಬೇಕಾದಷ್ಟು ಥಯಾಮಿನ್ ಇಲ್ಲ. ಎರಡು ಮೂರು ತಿಂಗಳಾಗುವ ಹೊತ್ತಿಗೆ ಇದ್ದಕ್ಕಿದ್ದಂತೆ ಮಗು ಮೊಲೆ ಬಿಡುತ್ತದೆ, ವಾಂತಿ ಮಾಡುತ್ತದೆ, ಸಮಾಧಾನವಿಲ್ಲದೆ ಅಳುತ್ತದೆ. ಆಮೇಲೆ ಬಾಯಿ ಅಗಲಿಸಿ ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿದ್ದರೂ ದನಿ ಹೊರಡುವುದಿಲ್ಲ, ಅಥವಾ ಗೊಗ್ಗರು ದನಿ ಬರುತ್ತದೆ. ಇದು ಈ ಕಾಯಿಲೆಯ ಗುರುತು, ಮರೆಯಬಾರದ್ದು. ಉಸಿರು ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಹೆಚ್ಚಿ ಹೃದಯದ ಬಲಭಾಗ ಸೋಲುತ್ತದೆ. ಚಿಕಿತ್ಸೆ ಸಿಗದಿದ್ದರೆ ಒಂದೆರಡು ದಿನದಲ್ಲೇ, ಕೆಲವು ಸಲ ಕೆಲವೇ ಗಂಟೆಗಳಲ್ಲಿ, ಮಗು ಉಳಿಯುವುದಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮಕ್ಕಳ ವೈದ್ಯರು ಎದೆಹಾಲನ್ನಷ್ಟೇ ಕುಡಿಯುತ್ತಿದ್ದ ಇಂಥ ಕೂಸುಗಳನ್ನು ನೋಡಿ ದಾಖಲಿಸಿದ್ದಾರೆ. ಅಗ್ಗದ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಸಾಯುವಂತಿದ್ದ ಹೃದಯ ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತದೆ.

ಮನೆಯಲ್ಲಿ ಇದಕ್ಕೆ ಹೆಸರು ಬಾಲಗ್ರಹ, ಇಲ್ಲವೇ ದೃಷ್ಟಿ. ಮೂರು ತಿಂಗಳ ಹಿಂದೆ ಶುರುವಾದ ಪಥ್ಯಕ್ಕೂ ಈವತ್ತಿನ ಸಾವಿಗೂ ಗಂಟು ಹಾಕುವವರು ಯಾರು? ಕೆಡುಕು ತಡವಾಗಿ, ಬೇರೆ ಹೆಸರಿನಲ್ಲಿ ಬರುತ್ತದೆ. ಹಳೆಯ ಕಟ್ಟಳೆ ಉಳಿದುಕೊಳ್ಳುವುದು ಬಹುಮಟ್ಟಿಗೆ ಇದರಿಂದಲೇ.

ಉಳಿದದ್ದಕ್ಕೆ ಕಾರಣ ಬೈಗುಳದ ಲೆಕ್ಕ. ಕಟ್ಟಳೆ ಪಾಲಿಸಿ ಮಗು ಹೋದರೆ ಅದು ಹಣೆಬರಹ, ಕೇರಿಯೆಲ್ಲ ಬಂದು ಅಳುತ್ತದೆ. ಕಟ್ಟಳೆ ಮುರಿದ ಮೇಲೆ ಮಗುವಿಗೆ ಬರೀ ನೆಗಡಿಯಾದರೂ ಸಾಕು, ನೀನು ಕಿತ್ತಳೆಹಣ್ಣು ತಿಂದದ್ದಕ್ಕೇ ಆಯಿತು. ಆ ಮಾತು ಅಲ್ಲಿಗೆ ನಿಲ್ಲುವುದಿಲ್ಲ, ಇನ್ನೊಂದು ಮದುವೆಯ ಚಪ್ಪರದಲ್ಲೂ ಕೇಳಿಬರುತ್ತದೆ. ಬಾಣಂತನ ಮಾಡುವ ತವರಿನವರಿಗೆ ಈ ಹೆದರಿಕೆ ಇನ್ನೂ ಜಾಸ್ತಿ, ಬೀಗರಿಗೆ ಉತ್ತರ ಹೇಳಬೇಕಾದವರು ಅವರು. ಆದ್ದರಿಂದ ನಂಬದವರೂ ಪಾಲಿಸುತ್ತಾರೆ. ನಂಬದವರು ಎಷ್ಟು ಮಂದಿ ಎನ್ನುವುದು ಯಾರಿಗೂ ತಿಳಿಯುವುದಿಲ್ಲ, ಎಲ್ಲರೂ ಪಾಲಿಸುತ್ತಿರುವುದರಿಂದ. ಇದನ್ನು ಅಜ್ಞಾನ ಎಂದು ಬೈದರೆ ಏನೂ ಬದಲಾಗುವುದಿಲ್ಲ. ಬೈಗುಳ ಹೊರಲು ಬೇರೆ ಒಂದು ಹೆಗಲು ತೋರಿಸಿದರೆ ಬದಲಾಗುತ್ತದೆ.

ಸರ್ಕಾರಕ್ಕೂ ಇದು ಅನುಭವಕ್ಕೆ ಬಂದಿದೆ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ: ಅನ್ನ, ಸಾಂಬಾರು, ಹಾಲು, ಮೊಟ್ಟೆ, ಚಿಕ್ಕಿ. ಊಟವೇನೋ ಚೆನ್ನಾಗಿತ್ತು. ಹೊಸಿಲು ದಾಟಬಾರದ ಬಾಣಂತಿ ಅಂಗನವಾಡಿಗೆ ಬಂದು ಊಟ ಮಾಡಬೇಕು ಎಂದು ಬರೆದವರು ಬಾಣಂತನ ಕಂಡವರಲ್ಲ.

ಇನ್ನು ಮಗುವಿನ ಕಡೆ. ಹುಟ್ಟಿದ ಗಂಟೆಯೊಳಗೆ ಮೊಲೆಗೆ ಹಚ್ಚಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಗಿಣ್ಣುಹಾಲು ಹೊತ್ತಿಗೆ ಒಂದು ಟೀ ಚಮಚದಷ್ಟಿದ್ದರೂ ಆ ಪುಟ್ಟ ಹೊಟ್ಟೆಗೆ ಅಷ್ಟೇ ಬೇಕು, ರೋಗ ತಡೆಯುವ ಅಂಶ ಅದರಲ್ಲೇ ದಟ್ಟ. ಹಾಲು ಇನ್ನೂ ಇಳಿದಿಲ್ಲ ಎಂದು ಅದನ್ನು ಹಿಂಡಿ ಚೆಲ್ಲಿ ಜೇನುತುಪ್ಪ, ಸಕ್ಕರೆ ನೀರು, ಹರಳೆಣ್ಣೆ ನೆಕ್ಕಿಸುವುದು ತಪ್ಪು. ಜೇನಿನಲ್ಲಿ ಬಾಟುಲಿಸಂ ಎಂಬ ಕಾಯಿಲೆಯ ಬೀಜಾಣು ಇರಬಹುದು. ದೊಡ್ಡವರ ಕರುಳಿನಲ್ಲಿ ಅದು ಮೊಳೆಯುವುದಿಲ್ಲ, ಕೂಸಿನ ಕರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುತ್ತದೆ. ವರ್ಷ ತುಂಬುವವರೆಗೆ ಜೇನು ಬೇಡ. ಬಜೆ ತೇದು ನೆಕ್ಕಿಸುವುದನ್ನೂ ಬಿಡುವುದು ಒಳ್ಳೆಯದು. ಅದರಲ್ಲಿರುವ ಅಸರೋನ್ ಎಂಬ ಅಂಶಕ್ಕೆ ಹೆದರಿಯೇ ಅಮೆರಿಕ 1968ರಲ್ಲಿ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಬಳೆ ಮಾಡಿ ಕೈಗೆ ಕಟ್ಟುತ್ತಾರಲ್ಲ, ಬಾಯಿಗೆ ಹೋಗದಷ್ಟು ದಿನ ಅದಕ್ಕೆ ಜಗಳ ಬೇಡ.

ಹೊಕ್ಕುಳಿಗೆ ಏನೂ ಹಚ್ಚದೆ ಒಣಗಲು ಬಿಟ್ಟರೆ ಒಂದೆರಡು ವಾರದಲ್ಲಿ ತಾನೇ ಉದುರುತ್ತದೆ. ಬೂದಿ, ಸಗಣಿ, ಅರಿಶಿನ, ಎಣ್ಣೆ ಯಾವುದೂ ಬೇಡ. ಸಗಣಿಯಲ್ಲಿ ಧನುರ್ವಾಯುವಿನ ಬೀಜಾಣು ಇರುತ್ತದೆ. ಭಾರತದಲ್ಲಿ ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯಾಯಿತೆಂದು 2015ರಲ್ಲಿ ಘೋಷಣೆಯಾಗಿದೆ. ಅದಾದದ್ದು ಗರ್ಭಿಣಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುದ್ಧ ಬ್ಲೇಡು ಬಂದದ್ದರಿಂದ. ಮಣ್ಣಿನಲ್ಲಿ ಬೀಜಾಣು ಈಗಲೂ ಇದೆ.

ಎರೆಯುವ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು. ಮಣೆಯ ಮೇಲೆ ಎರಡೂ ಕಾಲು ಚಾಚಿ ಕೂತು, ಕಣಕಾಲ ಮೇಲೆ ಮಗುವನ್ನು ಬೋರಲು ಮಲಗಿಸಿಕೊಂಡು, ಅಂಗೈಯಿಂದ ಬೆನ್ನು ನೀವುತ್ತ ನೀರೆರೆಯುವ ಅಜ್ಜಿಯ ಕೈಚಳಕವನ್ನು ಯಾವ ನರ್ಸಿಂಗ್ ಪುಸ್ತಕವೂ ಕಲಿಸಲಾರದು. ಹದವಾಗಿ ಎಣ್ಣೆ ತಿಕ್ಕುವುದು ಮಗುವಿಗೆ ಹಿತವೇ. ಕೆಡುವುದು ಆಮೇಲಿನ ನಾಲ್ಕು ಕೆಲಸಗಳಲ್ಲಿ. ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು: ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿನಿಂದ ಹೊರಬರುವುದಿಲ್ಲ, ಅಲ್ಲೇ ಕೂತು ನ್ಯುಮೋನಿಯಾ ತರುತ್ತದೆ. ಕಫ ತೆಗೆಯಲು ಗಂಟಲಿಗೆ ಬೆರಳು ಹಾಕುವುದು. ಮಗುವಿನ ಎದೆ ಹಿಂಡಿ ಹಾಲು ತೆಗೆಯುವುದು: ತಾಯಿಯ ಹಾರ್ಮೋನಿನಿಂದ ಬಂದ ಆ ಬಾವು ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಹಿಂಡಿದರೆ ಕೀವಾಗುತ್ತದೆ. ಕೊನೆಯದು ಹೊಗೆ. ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಮಗುವನ್ನು ಹೊಗೆಯ ಮೇಲೆ ಆಡಿಸುವುದು, ಆಮೇಲೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವುದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ರಕ್ತಕ್ಕೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಹೊಗೆ ಹಾಕಿದ ಮೇಲೆ ಮಗು ಎಷ್ಟು ಚೆನ್ನಾಗಿ ಮಲಗಿತು ಎಂದು ಹೇಳುವವರು ಒಮ್ಮೆ ಇದನ್ನು ಯೋಚಿಸಬೇಕು.

ಮೊದಲ ಸ್ನಾನ ಹುಟ್ಟಿದ ಇಪ್ಪತ್ತನಾಲ್ಕು ಗಂಟೆ ಕಳೆದ ಮೇಲೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಾದರೆ ತೂಕ ಏರುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಎರೆಯುವಾಗ ನೀರಿನ ಬಿಸಿಯನ್ನು ಮೊಣಕೈಯಲ್ಲಿ ನೋಡಬೇಕು, ಬೆರಳಿಗೆ ಅಭ್ಯಾಸವಾಗಿರುತ್ತದೆ. ಐದು ನಿಮಿಷದೊಳಗೆ ಮುಗಿಸಿ ಮೊದಲು ತಲೆ ಒರೆಸಬೇಕು. ಕೂಸಿನ ಮೈಶಾಖ ಹೆಚ್ಚು ಹೋಗುವುದು ತಲೆಯಿಂದ.

ಶಾಖದ ಮಾತು ಬಂದಾಗ ಗೊಲ್ಲರಹಟ್ಟಿಯ ಮಾತು ಬರಲೇಬೇಕು. ತುಮಕೂರು, ಚಿತ್ರದುರ್ಗ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕ ಕಳೆಯುವವರೆಗೆ ಬಾಣಂತಿ ಮತ್ತು ಮಗು ಹಟ್ಟಿಯ ಹೊರಗೆ ಗುಡಿಸಲಿನಲ್ಲಿರಬೇಕೆಂಬ ಕಟ್ಟು ಇತ್ತು, ಕೆಲವು ಕಡೆ ಇನ್ನೂ ಇದೆ. ಮುಟ್ಟಾದವರೂ ಹೊರಗೆ. ಕಾರಣ ಕೇಳಿದರೆ ಹಟ್ಟಿಯೊಳಗೆ ದೇವರು, ಜುಂಜಪ್ಪನೋ ಎತ್ತಪ್ಪನೋ, ಇದ್ದಾನೆ, ಮೈಲಿಗೆ ಆಗದು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಹಸುಗೂಸು ತೀರಿಕೊಂಡಾಗ ರಾಜ್ಯವೆಲ್ಲ ಮಾತಾಡಿತು. ಕಾಡುಗೊಲ್ಲರನ್ನು ಮಾತ್ರ ಬೊಟ್ಟುಮಾಡುವುದು ಅನ್ಯಾಯ. ಪಟ್ಟಣದ ಮನೆಗಳ ಹಿತ್ತಲ ಕೋಣೆಯೂ ಅದೇ ಕಟ್ಟಿನದು, ಗೋಡೆ ಗಟ್ಟಿಯಾಗಿದೆ ಅಷ್ಟೆ.

ಮಳೆಗಾಲದಲ್ಲಿ ಗರಿ, ಟಾರ್ಪಾಲು ಹೊದಿಸಿದ ಗುಡಿಸಲಿನಲ್ಲಿ ಎರಡು ಕಿಲೋ ಮಗುವಿಗೆ ಆಗುವುದು ಇದು. ಮಗುವಿನ ಮೈಶಾಖ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ನೆಲದ ತೇವ, ಸಂದಿಯಿಂದ ಬರುವ ಗಾಳಿ, ಒದ್ದೆ ಬಟ್ಟೆ, ಮೂರೂ ಶಾಖ ಎಳೆಯುತ್ತವೆ. ದೊಡ್ಡವರ ಹಾಗೆ ನಡುಗಿ ಶಾಖ ಹುಟ್ಟಿಸಿಕೊಳ್ಳಲು ಕೂಸಿಗೆ ಬರುವುದಿಲ್ಲ. ಒಂದಿಷ್ಟು ಕೊಬ್ಬು ಸುಡುತ್ತದೆ, ರಕ್ತದ ಸಕ್ಕರೆ ಖಾಲಿಯಾಗುತ್ತದೆ, ಚೀಪುವ ಶಕ್ತಿ ಕುಗ್ಗುತ್ತದೆ. ಹಾಲು ಇಳಿಯದೆ ಇನ್ನೂ ತಣ್ಣಗಾಗುತ್ತದೆ. ಅಳುವುದಿಲ್ಲ, ಅದೇ ಮೋಸ. ಸುಮ್ಮನೆ ಮಲಗಿದೆ ಎಂದುಕೊಳ್ಳುತ್ತಾರೆ. ಮುಟ್ಟಬಾರದ ಕಟ್ಟಿರುವುದರಿಂದ ಅನುಭವವಿರುವ ಇನ್ನೊಂದು ಕೈ ಮಗುವನ್ನು ಮುಟ್ಟಿ ನೋಡುವುದೂ ಇಲ್ಲ. ಆಶಾ ಕಾರ್ಯಕರ್ತೆ ಅದೇ ಹಟ್ಟಿಯವಳಾದರೆ ಅವಳಿಗೂ ಅದೇ ಕಟ್ಟು.

ಥರ್ಮಾಮೀಟರ್ ಇಲ್ಲದೆ ನೋಡುವ ಬಗೆ ಹೀಗಿದೆ. ಅಂಗೈಯ ಹಿಂಭಾಗದಿಂದ ಮಗುವಿನ ಹೊಟ್ಟೆ, ಆಮೇಲೆ ಅಂಗಾಲು ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗೆ, ಅಂಗಾಲು ತಣ್ಣಗಿದ್ದರೆ ಚಳಿ ಹಿಡಿಯುತ್ತಿದೆ, ಈಗಲೇ ಮಗುವಿನ ಬಟ್ಟೆ ಬಿಚ್ಚಿ, ಟೋಪಿ ಹಾಕಿ, ತಾಯಿಯ ಬರಿ ಎದೆಗೆ ಆನಿಸಿ ಮೇಲೆ ಸೀರೆ ಸುತ್ತಬೇಕು. ಎರಡೂ ತಣ್ಣಗಿದ್ದರೆ ಹಾಗೇ ಎದೆಗೆ ಕಟ್ಟಿಕೊಂಡು 108ಕ್ಕೆ ಫೋನ್ ಮಾಡಬೇಕು. ಎದೆಗೆ ಆನಿಸಲು ಅಪ್ಪನೂ ಆಗಬಹುದು, ಅಜ್ಜಿಯೂ ಆಗಬಹುದು. ಕಡಿಮೆ ತೂಕದ ಮಗುವಿಗೆ ಇದು ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದಂತೆ ಬೇಕು.

ಹಟ್ಟಿಗಳ ಪಕ್ಕ ಸಿಮೆಂಟಿನ ಮಹಿಳಾ ಭವನ ಕಟ್ಟಿಸಿದ್ದುಂಟು. ಮಳೆಗೆ ನೆನೆಯುವುದಕ್ಕಿಂತ ವಾಸಿ, ಆದರೆ ಹೊರಗಿಡುವುದಕ್ಕೆ ಸರ್ಕಾರಿ ಮೊಹರು ಬಿದ್ದಂತಾಯಿತು. ಕಾನೂನು ಇದೆ. ಅಮಾನವೀಯ ದುಷ್ಟ ಪದ್ಧತಿಗಳನ್ನು ತಡೆಯಲು ಕರ್ನಾಟಕ 2017ರಲ್ಲಿ ಮಾಡಿದ, 2020ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪಟ್ಟಿಯಲ್ಲಿ ಮುಟ್ಟಾದ ಮತ್ತು ಗರ್ಭಿಣಿ ಹೆಂಗಸರನ್ನು ಬೇರೆಯಿರಿಸಿ ಊರೊಳಗೆ ಬಾರದಂತೆ ತಡೆಯುವುದೂ ಸೇರಿದೆ. ಒಂದರಿಂದ ಏಳು ವರ್ಷ ಜೈಲು, ದಂಡ ಬೇರೆ. ಆದರೆ ಅಣ್ಣತಮ್ಮಂದಿರ ಮೇಲೆ ದೂರು ಕೊಟ್ಟು ಅದೇ ಹಟ್ಟಿಯಲ್ಲಿ ಬದುಕುವವರು ಯಾರು? ಈ ಕಾಯ್ದೆಯ ನಿಜವಾದ ಉಪಯೋಗ ನೆಪವಾಗಿ. “ನಮಗೇನೂ ಇಲ್ಲ ಯಜಮಾನರೇ, ಕೇಸಾದರೆ ನಿಮಗೂ ತೊಂದರೆ” ಎಂದು ಹೇಳಲು ಸೊಸೆಗೆ, ಮಗನಿಗೆ ಒಂದು ಮಾತು ಸಿಕ್ಕಿತು. ಬೈಗುಳ ಹೊರುವ ಹೆಗಲು ಎಂದದ್ದು ಇದನ್ನೇ.

ಮನೆಯ ಪಥ್ಯಕ್ಕೂ ಅಂಥ ಹೆಗಲು ಬೇಕು. ತಾಯಿ ಕಾರ್ಡಿನಲ್ಲಿ ಡಾಕ್ಟರ ಕೈಯಲ್ಲೇ ‘ಬೇಳೆ, ಸೊಪ್ಪು, ಹಣ್ಣು, ದಿನಕ್ಕೆ ಮೂರು ಲೀಟರ್ ನೀರು’ ಎಂದು ಬರೆಸಿಕೊಂಡರೆ ಮಗಳ ಮಾತು ಡಾಕ್ಟರ ಮಾತಾಗುತ್ತದೆ. ಇದನ್ನು ಮಾಡಬೇಕಾದದ್ದು ಐದು ಆರನೆಯ ತಿಂಗಳಲ್ಲಿ, ಸೀಮಂತದ ಓಡಾಟಕ್ಕೂ ಮೊದಲು, ಅಜ್ಜಿಯನ್ನೇ ತಪಾಸಣೆಗೆ ಜೊತೆಗೆ ಕರೆದುಕೊಂಡು ಹೋಗಿ. ಹೆರಿಗೆಯಾದ ಮೇಲೆ ವಾದ ಗೆದ್ದವರಿಲ್ಲ. ಅದೇ ಬೀದಿಯಲ್ಲಿ ಆ ವರ್ಷ ಹೆರುವ ನಾಲ್ಕೈದು ಮನೆಯವರು ಒಟ್ಟಿಗೆ ಮಾತಾಡಿಕೊಂಡರೆ ಇನ್ನೂ ಸಲೀಸು, ಮೊದಲು ಮುರಿದವಳು ಎಂಬ ಹೆಸರು ಯಾರೊಬ್ಬರಿಗೂ ಬರುವುದಿಲ್ಲ. ಹಟ್ಟಿಯಲ್ಲಾದರೆ ಪೂಜಾರಿಯನ್ನು ಒಬ್ಬನೇ ಇರುವಾಗ ಕೇಳಬೇಕು. ಹತ್ತು ಜನರ ಮುಂದೆ ಅವನೂ ಹಳೆಯ ಮಾತನ್ನೇ ಆಡಬೇಕಾಗುತ್ತದೆ. ಸೂತಕ ಬಿಡಿ ಎನ್ನುವುದಕ್ಕಿಂತ, ಸೂತಕವನ್ನು ಮನೆಯೊಳಗಿನ ಒಂದು ಕೋಣೆಯಲ್ಲಿ ಕಳೆದು ತೀರ್ಥ ಹಾಕಿಸಿಕೊಳ್ಳಬಹುದೇ ಎಂದು ಕೇಳಿದರೆ ದಾರಿ ತೆರೆಯುವುದು ಹೆಚ್ಚು.

ತಟ್ಟೆಯಲ್ಲಿ ಬದಲಾಯಿಸಬೇಕಾದದ್ದೂ ಪಥ್ಯದ ಭಾಷೆಯಲ್ಲೇ ಆಗಬೇಕು. ಅದೇ ಮೆಣಸು ಬೆಳ್ಳುಳ್ಳಿ ಸಾರಿಗೆ ಒಂದು ಬಟ್ಟಲು ಹೆಸರುಬೇಳೆ ಬೇಯಿಸಿ ಕಡೆದು ಹಾಕಿದರೆ ಅದು ಸಾರೇ. ಒಂದು ಹೊತ್ತು ಅನ್ನದ ಬದಲು ರಾಗಿ ಮುದ್ದೆ ಅಥವಾ ಗಂಜಿ. ಕರಾವಳಿಯವರಿಗೆ ಕುಚ್ಚಲಕ್ಕಿ ಇದ್ದೇ ಇದೆ: ಹೊಟ್ಟಿನೊಂದಿಗೇ ಬೇಯಿಸಿ ಒಣಗಿಸುವುದರಿಂದ ತೌಡಿನ ಥಯಾಮಿನ್ ಸ್ವಲ್ಪ ಕಾಳಿನೊಳಕ್ಕೆ ಇಳಿದಿರುತ್ತದೆ. ಸೊಪ್ಪಿಗೆ ಹೆದರುವ ಮನೆಯಲ್ಲಿ ನುಗ್ಗೆಸೊಪ್ಪಿಗಿಂತ ಮೊದಲು ಸಬ್ಬಸಿಗೆ, ಮೆಂತ್ಯದಿಂದ ಶುರುಮಾಡುವುದು ಜಾಣತನ, ಅವಕ್ಕೆ ಮೊದಲೇ ಔಷಧಿಯ ಮರ್ಯಾದೆ ಇದೆ. ಅಡಿಕೆ ಬಿಡಬೇಕು. ಕಬ್ಬಿಣದ ಮಾತ್ರೆ ಉಷ್ಣ ಎಂದು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಅದು ದಿನಕ್ಕೊಂದರಂತೆ 180 ದಿನ ನುಂಗಬೇಕಾದದ್ದು, ಹೊಟ್ಟೆ ಉರಿದರೆ ರಾತ್ರಿ ಊಟದ ಮೇಲೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಬರುವ ದಿನಗಳು 3, 7, 14, 21, 28, 42. ಆ ದಿನ ಮಗುವನ್ನು ಬಿಚ್ಚಿ ತೂಕ ಹಾಕಿಸಬೇಕು, ನಿಮಿಷಕ್ಕೆ ಉಸಿರು ಎಣಿಸಬೇಕು. ಅರವತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮಗು ಮೊಲೆ ಬಿಟ್ಟರೆ, ದನಿ ಒಡೆದರೆ ಅಂದೇ ಆಸ್ಪತ್ರೆ. ತಾಯಿಗೆ 38 ಡಿಗ್ರಿ ದಾಟಿದ ಜ್ವರ, ವಾಸನೆಯ ಸ್ರಾವ, ಒಂದೇ ಕಾಲಿನಲ್ಲಿ ಬಾವು ನೋವು, ಬಿಡದ ತಲೆನೋವು ಇದ್ದರೂ ಅಷ್ಟೇ.

ನೀರಿಗೆ ಒಂದು ಉಪಾಯ ಹೆಚ್ಚಿನ ಮನೆಗಳಲ್ಲಿ ನಡೆಯುತ್ತದೆ. ತಣ್ಣೀರಿಗೆ ಒಪ್ಪದ ಅಜ್ಜಿ ಜೀರಿಗೆ ಹಾಕಿ ಕುದಿಸಿದ ನೀರಿಗೆ ಒಪ್ಪುತ್ತಾಳೆ. ಒಂದು ಲೀಟರ್ ಫ್ಲಾಸ್ಕನ್ನು ಬಾಣಂತಿಯ ತಲೆದೆಸೆಯಲ್ಲಿ ಇಟ್ಟು, ಬೆಳಗ್ಗೆ ಮಧ್ಯಾಹ್ನ ರಾತ್ರಿ ಅದನ್ನು ತುಂಬುವ ಕೆಲಸವನ್ನು ಅಜ್ಜಿಗೇ ವಹಿಸಿಬಿಡಬೇಕು.